ಓಪನ್ ಸೋರ್ಸ್ ಸೇರಿಸಿ ಕಟ್ಟಿದ ತಂತ್ರಾಂಶವನ್ನು ಕೋಡ್ ಬಿಟ್ಟುಕೊಡದೆ ಮಾರಬಹುದೇ?

ಪ್ರಶ್ನೆ: ನಾವು ಐದು ಜನ ಸೇರಿ, ಶಿಕ್ಷಕರು ಪಾಠ ರೆಕಾರ್ಡ್ ಮಾಡಿಕೊಳ್ಳುವ ಒಂದು ಡೆಸ್ಕ್‌ಟಾಪ್ ತಂತ್ರಾಂಶ ಮಾಡಿದ್ದೇವೆ. ಪೈಥಾನ್‌ನಲ್ಲಿ ಬರೆದದ್ದು. ಪರದೆಗೆ ಪೈಕ್ಯೂಟಿ, ವಿಡಿಯೊಗೆ ಎಫ್‌ಎಫ್‌ಎಂಪೆಗ್, ಪಿಡಿಎಫ್ ಟಿಪ್ಪಣಿಗೆ ಪೈಮ್ಯೂಪಿಡಿಎಫ್ ಬಳಸಿದ್ದೇವೆ. ಕೆಲವು ಶಾಲೆಗಳಿಗೆ ಈಗಾಗಲೇ ಹಣಕ್ಕೆ ಕೊಟ್ಟಾಗಿದೆ. ವೆಬ್ ಆವೃತ್ತಿಯೂ ತಯಾರಾಗುತ್ತಿದೆ. ಓಪನ್ ಸೋರ್ಸ್ ಮುಟ್ಟಿದರೆ ನಮ್ಮ ಕೋಡನ್ನೂ ಬಹಿರಂಗ ಮಾಡಬೇಕು ಅಂತ ಒಬ್ಬರು ಹೆದರಿಸುತ್ತಾರೆ, ಫ್ರೀ ತಾನೇ, ಏನೂ ಆಗಲ್ಲ ಅಂತ ಇನ್ನೊಬ್ಬರು. ಈಗ ಒಂದು ದೊಡ್ಡ ಸಂಸ್ಥೆ ಖರೀದಿಗೆ ಮುಂಚೆ ಓಪನ್ ಸೋರ್ಸ್ ಘಟಕಗಳ ಪಟ್ಟಿ ಕೇಳಿದೆ. ಕೋಡ್ ಮುಚ್ಚಿಟ್ಟೇ ಮಾರುವ ದಾರಿ ಇದೆಯೇ? ಸ್ವಲ್ಪ ಭಾಗವನ್ನು ನಾವೇ ಓಪನ್ ಸೋರ್ಸ್ ಮಾಡಿದರೆ ಪ್ರಯೋಜನ ಉಂಟೇ?

ಉತ್ತರ: ದಾರಿ ಇದೆ. ಆದರೆ ತಂತ್ರಾಂಶ ಈಗಿರುವ ರೂಪದಲ್ಲಿ ಇಲ್ಲ. ನೀವು ಹೆಸರಿಸಿದ ಮೂರು ಘಟಕಗಳಲ್ಲಿ ಎರಡನ್ನು ಬದಲಿಸಬೇಕು, ಇಲ್ಲವೇ ಅವುಗಳ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಮೂರನೆಯದನ್ನು ಯಾವ ಬಿಲ್ಡ್‌ನಿಂದ (ಸೋರ್ಸಿನಿಂದ ಕಂಪೈಲ್ ಮಾಡಿದ ಸಿದ್ಧ ರೂಪ) ತೆಗೆದುಕೊಂಡಿರಿ ಎಂದು ನೋಡಬೇಕು. ನಿಮಗೆ ಸಲಹೆ ಕೊಟ್ಟ ಇಬ್ಬರೂ ತಪ್ಪು.

ಮೊದಲು ಹಣದ ವಿಚಾರ ಬದಿಗಿಡಿ. ಯಾವ ಓಪನ್ ಸೋರ್ಸ್ ಲೈಸೆನ್ಸೂ ಮಾರಾಟವನ್ನು ತಡೆಯುವುದಿಲ್ಲ. ಹಂಚುವಾಗ ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸಿನ ತಂತ್ರಾಂಶವನ್ನೂ ಎಷ್ಟು ಬೆಲೆಗೆ ಬೇಕಾದರೂ ಮಾರಬಹುದು. ಕೇಳಬೇಕಾದದ್ದು ಎರಡೇ ಪ್ರಶ್ನೆ: ನಿಮ್ಮ ಕೈಯಿಂದ ಇನ್ನೊಬ್ಬರ ಕೈಗೆ ಏನು ಹೋಗುತ್ತಿದೆ, ಮತ್ತು ಹಾಗೆ ಹೋಗುವಾಗ ಬೇರೆಯವರ ಕೋಡ್ ನಿಮ್ಮ ಕೋಡಿನ ಜೊತೆ ಹೇಗೆ ಬೆಸೆದುಕೊಂಡಿದೆ. ಕಚೇರಿಯೊಳಗೆ ಜಿಪಿಎಲ್ ಕೋಡನ್ನು ಹೇಗೆ ತಿದ್ದಿ ಬಳಸಿದರೂ ಯಾರಿಗೂ ಏನೂ ಕೊಡಬೇಕಿಲ್ಲ. ಇನ್‌ಸ್ಟಾಲರ್ ಫೈಲ್ ಗ್ರಾಹಕನ ಕಂಪ್ಯೂಟರಿಗೆ ಇಳಿದ ಗಳಿಗೆಯಲ್ಲಿ ಹೊಣೆ ಶುರುವಾಗುತ್ತದೆ.

ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಇವು ಉದಾರ ಲೈಸೆನ್ಸುಗಳು. ಕೋಡ್ ಮುಚ್ಚಿಟ್ಟು ಮಾರಿ, ಆದರೆ ಮೂಲ ಲೇಖಕರ ಹಕ್ಕುಸ್ವಾಮ್ಯದ ಸಾಲು ಮತ್ತು ಲೈಸೆನ್ಸಿನ ಪಠ್ಯ ಜೊತೆಗಿರಲಿ ಎನ್ನುತ್ತವೆ. ಅಪಾಚೆಯಲ್ಲಿ ನೋಟಿಸ್ ಎಂಬ ಫೈಲ್ ಇದ್ದರೆ ಅದನ್ನೂ ದಾಟಿಸಬೇಕು. ಪೇಟೆಂಟ್ ಅನುಮತಿಯೂ ಅದರೊಳಗೆ ಸಿಗುತ್ತದೆ. ಎಂಪಿಎಲ್ 2.0 ಫೈಲ್ ಮಟ್ಟದ್ದು: ತಿದ್ದಿದರೂ ತಿದ್ದದಿದ್ದರೂ ಹಂಚುವಾಗ ಆ ಫೈಲಿನ ಸೋರ್ಸ್ ಸಿಗುವಂತೆ ಮಾಡಿ, ಪಕ್ಕದ ನಿಮ್ಮ ಫೈಲ್ ನಿಮ್ಮದೇ. ಎಲ್‌ಜಿಪಿಎಲ್ ಲೈಬ್ರರಿ ಮಟ್ಟದ್ದು: ಆ ಲೈಬ್ರರಿಯ ಸೋರ್ಸ್ ಕೊಡಿ, ನಿಮ್ಮ ಕೋಡ್ ಮುಚ್ಚಿಡಬಹುದು. ಜಿಪಿಎಲ್ ಇಡೀ ತಂತ್ರಾಂಶದ ಮಟ್ಟದ್ದು: ಅದರೊಡನೆ ಬೆಸೆದ ನಿಮ್ಮ ಕೋಡನ್ನೂ ಅದೇ ಲೈಸೆನ್ಸಿನಡಿ ಕೊಡಬೇಕು. ಎಜಿಪಿಎಲ್ ಅದನ್ನೇ ನೆಟ್‌ವರ್ಕಿನಾಚೆ ಕೂತು ಬಳಸುವವನವರೆಗೂ ಚಾಚುತ್ತದೆ.

ಈಗ ಪೈಕ್ಯೂಟಿ. ಅದು ಜಿಪಿಎಲ್ 3 ಅಥವಾ ಹಣ ಕೊಟ್ಟು ಕೊಳ್ಳುವ ವಾಣಿಜ್ಯ ಲೈಸೆನ್ಸ್, ಈ ಎರಡರಲ್ಲಿ ಒಂದರಡಿ ಸಿಗುತ್ತದೆ. ನಿಮ್ಮ ಪ್ರೋಗ್ರಾಂ ಅದನ್ನು ಇಂಪೋರ್ಟ್ ಮಾಡಿಕೊಂಡು ಒಂದೇ ಪ್ರಕ್ರಿಯೆಯಾಗಿ ಓಡುತ್ತದೆ, ಆದ್ದರಿಂದ ಮುಚ್ಚಿದ ಕೋಡಿಗೆ ಅದರ ಉಚಿತ ಲೈಸೆನ್ಸ್ ಹೊಂದುವುದಿಲ್ಲ. ಕ್ಯೂಟಿ ಎಲ್‌ಜಿಪಿಎಲ್ ಅಲ್ಲವೇ ಎಂದು ಹಲವರು ಇಲ್ಲೇ ಎಡವುತ್ತಾರೆ. ಕ್ಯೂಟಿಯ ಮುಖ್ಯ ಭಾಗಗಳು ಎಲ್‌ಜಿಪಿಎಲ್ ನಿಜ, ಆದರೆ ಪೈಥಾನಿಗೂ ಅದಕ್ಕೂ ನಡುವಿನ ಸೇತುವೆಯಾದ ಪೈಕ್ಯೂಟಿ ಬೇರೆಯವರದ್ದು, ಬೇರೆ ಲೈಸೆನ್ಸಿನದ್ದು. ಪರಿಹಾರ ಅಷ್ಟು ಕಷ್ಟದ್ದಲ್ಲ. ಕ್ಯೂಟಿಯವರೇ ಕೊಡುವ ಪೈಸೈಡ್6 ಎಲ್‌ಜಿಪಿಎಲ್ 3ರಡಿ ಸಿಗುತ್ತದೆ, ಬಹುತೇಕ ಕ್ಲಾಸ್ ಮತ್ತು ಮೆಥಡ್‌ಗಳ ಹೆಸರು ಅವೇ. ಇಂಪೋರ್ಟ್ ಸಾಲುಗಳನ್ನು ಬದಲಿಸಿ. ಪೈಕ್ಯೂಟಿ‌ಸಿಗ್ನಲ್ ಎಂದಿದ್ದಲ್ಲಿ ಸಿಗ್ನಲ್, ಪೈಕ್ಯೂಟಿ‌ಸ್ಲಾಟ್ ಎಂದಿದ್ದಲ್ಲಿ ಸ್ಲಾಟ್ ಮಾಡಿ. ಆಮೇಲೆ ಪ್ರತಿ ಪರದೆಯನ್ನೂ ಒಮ್ಮೆ ಪರೀಕ್ಷಿಸಿ. ವರದಿಗಳಲ್ಲಿ ಗ್ರಾಫ್ ಬಿಡಿಸಲು ಕ್ಯೂಟಿ ಚಾರ್ಟ್ಸ್ ಬಳಸಿದ್ದರೆ ಅದನ್ನು ಕಿತ್ತುಹಾಕಿ. ಆ ಮಾಡ್ಯೂಲಿನ ಉಚಿತ ಲೈಸೆನ್ಸ್ ಎಲ್‌ಜಿಪಿಎಲ್ ಅಲ್ಲ, ಜಿಪಿಎಲ್ 3. ಒಂದೇ ಮನೆಯ ಮಾಡ್ಯೂಲುಗಳಲ್ಲೂ ಲೈಸೆನ್ಸ್ ಬೇರೆ ಬೇರೆ ಇರುತ್ತದೆ. ಬಳಸಿದ ಪ್ರತಿಯೊಂದನ್ನೂ ನೋಡಲೇಬೇಕು.

ಎಲ್‌ಜಿಪಿಎಲ್ ಎಂದ ಮಾತ್ರಕ್ಕೆ ಹೊಣೆ ಮುಗಿಯಿತು ಎಂದುಕೊಳ್ಳಬೇಡಿ. ಗ್ರಾಹಕ ಬಯಸಿದರೆ ಆ ಲೈಬ್ರರಿಯ ತಾನು ತಿದ್ದಿದ ಆವೃತ್ತಿಯನ್ನು ನಿಮ್ಮ ತಂತ್ರಾಂಶದೊಳಗೆ ಕೂರಿಸಿ ಓಡಿಸಲು ಆಗಬೇಕು ಎಂಬುದು ಅದರ ತಿರುಳು. ನೀವು ಪೈಇನ್‌ಸ್ಟಾಲರ್‌ನಿಂದ ಪ್ಯಾಕ್ ಮಾಡುತ್ತಿದ್ದರೆ ಒಂದೇ ಫೈಲಿನ ವಿಧಾನ ಬಿಟ್ಟು ಫೋಲ್ಡರ್ ವಿಧಾನ ಆರಿಸಿ. ಒಂದೇ ಫೈಲ್ ಮಾಡಿದಾಗ ಕ್ಯೂಟಿಯ ಲೈಬ್ರರಿಗಳೆಲ್ಲ ಎಕ್ಸಿಕ್ಯೂಟಬಲ್‌ನ ಹೊಟ್ಟೆಯಲ್ಲಿ ಸೇರಿ, ಪ್ರತಿ ಸಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತವೆ. ಬಳಕೆದಾರ ಅವನ್ನು ಬದಲಿಸುವುದು ಬಲು ಕಷ್ಟ. ಫೋಲ್ಡರ್ ವಿಧಾನದಲ್ಲಿ ಕ್ಯೂಟಿಯ ಡಿಎಲ್‌ಎಲ್ ಫೈಲುಗಳು ಕಣ್ಣೆದುರೇ ಇರುತ್ತವೆ, ಅದೇ ಹೆಸರಿನ ಇನ್ನೊಂದನ್ನು ಅಲ್ಲಿಟ್ಟರೆ ಸಾಕು. ನೀವೇ ಆ ಫೈಲುಗಳ ಚೆಕ್‌ಸಮ್ ತಾಳೆ ನೋಡಿ ಬದಲಾದರೆ ಓಡುವುದಿಲ್ಲ ಎನ್ನುವ ಕಾವಲು ಇಟ್ಟಿದ್ದರೆ ಅದನ್ನು ತೆಗೆಯಿರಿ. ಪೈಇನ್‌ಸ್ಟಾಲರ್ ಬಗ್ಗೆ ಚಿಂತೆ ಬೇಡ: ಅದು ಜಿಪಿಎಲ್ ಆದರೂ, ಅದರಿಂದ ಪ್ಯಾಕ್ ಮಾಡಿದ ತಂತ್ರಾಂಶ ಯಾವ ಲೈಸೆನ್ಸಿನಡಿಯಾದರೂ ಇರಬಹುದು ಎಂಬ ವಿನಾಯಿತಿ ಅದರಲ್ಲೇ ಬರೆದಿದೆ.

ನಿಮ್ಮ ಬಳಕೆದಾರ ಒಪ್ಪಂದದಲ್ಲಿ ರಿವರ್ಸ್ ಎಂಜಿನಿಯರಿಂಗ್ ಸಂಪೂರ್ಣ ನಿಷೇಧ ಎಂಬ ಸಾಲು ಇರಬಹುದು, ಮಾದರಿ ಒಪ್ಪಂದಗಳಿಂದ ಎತ್ತಿಕೊಂಡವರಲ್ಲಿ ಇದ್ದೇ ಇರುತ್ತದೆ. ಎಲ್‌ಜಿಪಿಎಲ್ ಲೈಬ್ರರಿ ಸೇರಿಸಿದ ಮೇಲೆ ಆ ಸಾಲು ಹಾಗೇ ಉಳಿಯುವಂತಿಲ್ಲ. ಲೈಬ್ರರಿಯನ್ನು ತಿದ್ದಿದಾಗ ಬರುವ ದೋಷ ಹುಡುಕಲು ಬೇಕಾಗುವಷ್ಟು ರಿವರ್ಸ್ ಎಂಜಿನಿಯರಿಂಗಿಗೆ ನೀವು ಅಡ್ಡಿ ಮಾಡಬಾರದು ಎಂದು ಲೈಸೆನ್ಸ್ ಸ್ಪಷ್ಟವಾಗಿ ಹೇಳುತ್ತದೆ. ಓಪನ್ ಸೋರ್ಸ್ ಘಟಕಗಳಿಗೆ ಅವುಗಳದೇ ಲೈಸೆನ್ಸ್ ಅನ್ವಯ, ಈ ಒಪ್ಪಂದದ ನಿರ್ಬಂಧಗಳು ಅದಕ್ಕೆ ವಿರುದ್ಧವಾದಲ್ಲಿ ನಿಲ್ಲುವುದಿಲ್ಲ ಎಂಬ ಒಂದು ಕಲಮು ಸೇರಿಸಿ. ಒಳಗಿನ ಎಲ್ಲ ಕೋಡೂ ನಮ್ಮ ಸ್ವತ್ತು ಎಂಬ ವಾಕ್ಯವಿದ್ದರೆ ಅದೂ ಹೋಗಬೇಕು, ಅದು ಸುಳ್ಳು.

ಎಫ್‌ಎಫ್‌ಎಂಪೆಗ್ ವಿಚಾರದಲ್ಲಿ ಊಹೆ ಬೇಡ, ಅದನ್ನೇ ಕೇಳಿ ನೋಡಿ. ನೀವು ಹಂಚುತ್ತಿರುವ ಬೈನರಿಯನ್ನು (ಓಡಿಸಲು ಸಿದ್ಧವಿರುವ ಫೈಲನ್ನು) ಟರ್ಮಿನಲ್‌ನಲ್ಲಿ ವರ್ಷನ್ ಆಯ್ಕೆ ಕೊಟ್ಟು ಓಡಿಸಿ. ಕಾನ್ಫಿಗರೇಶನ್ ಎಂಬ ಒಂದು ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ಎನೇಬಲ್-ಜಿಪಿಎಲ್ ಇಲ್ಲದಿದ್ದರೆ ನಿಮ್ಮ ಪ್ರತಿ ಎಲ್‌ಜಿಪಿಎಲ್. ಇದ್ದರೆ, ಸಾಮಾನ್ಯವಾಗಿ ಪಕ್ಕದಲ್ಲೇ ಎನೇಬಲ್-ಲಿಬ್‌ಎಕ್ಸ್264 ಕೂಡ ಇರುತ್ತದೆ (ಎಕ್ಸ್264 ಎಂದರೆ ಎಚ್.264 ರೂಪದಲ್ಲಿ ವಿಡಿಯೊ ಕುಗ್ಗಿಸುವ ಜಿಪಿಎಲ್ ಲೈಬ್ರರಿ). ಆಗ ಇಡೀ ಬೈನರಿ ಜಿಪಿಎಲ್. ವಿಂಡೋಸ್‌ಗೆ ಸಿದ್ಧವಾಗಿ ಸಿಗುವ ಬಿಲ್ಡ್‌ಗಳಲ್ಲಿ ಹಲವು ಇಂಥವೇ. ಎನೇಬಲ್-ನಾನ್‌ಫ್ರೀ ಕಂಡರೆ ಆ ಬೈನರಿಯನ್ನು ಯಾರಿಗೂ ಹಂಚುವಂತೆಯೇ ಇಲ್ಲ, ಉಚಿತವಾಗಿಯೂ ಇಲ್ಲ. ಅದರೊಳಗೆ ಒಂದಕ್ಕೊಂದು ಹೊಂದದ ಲೈಸೆನ್ಸುಗಳ ಕೋಡ್ ಕೂಡಿಕೊಂಡಿರುತ್ತದೆ.

ನಿಮ್ಮ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್ ಅನ್ನು ಬೇರೆ ಪ್ರಕ್ರಿಯೆಯಾಗಿ, ಕಮಾಂಡ್ ಸಾಲಿನಿಂದ ಕರೆಯುತ್ತದೆ ಎಂದುಕೊಳ್ಳುತ್ತೇನೆ. ಪೈಪ್, ಸಾಕೆಟ್, ಕಮಾಂಡ್ ಸಾಲುಗಳ ಮೂಲಕ ಮಾತಾಡುವ ಎರಡು ಪ್ರೋಗ್ರಾಂಗಳನ್ನು ಸಾಮಾನ್ಯವಾಗಿ ಪ್ರತ್ಯೇಕ ಕೃತಿಗಳೆಂದೇ ನೋಡುತ್ತೇವೆ ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನದೇ ವಿವರಣೆ. ಹಾಗಾಗಿ ಜಿಪಿಎಲ್ ಬಿಲ್ಡ್ ಇದ್ದರೂ ನಿಮ್ಮ ಕೋಡ್ ಕೊಡಬೇಕಾಗಿಲ್ಲ. ಎಫ್‌ಎಫ್‌ಎಂಪೆಗ್‌ನ ಕೋಡ್ ಕೊಡಬೇಕು. ಇದನ್ನೇ ಜನ ಮರೆಯುವುದು. ನೀವು ಹಂಚಿದ ಬೈನರಿಗೆ ತಾಳೆಯಾಗುವ ಅದೇ ಆವೃತ್ತಿಯ ಸೋರ್ಸ್, ಎಕ್ಸ್264ರ ಸೋರ್ಸ್, ಬಿಲ್ಡ್ ಮಾಡಿದ ಸ್ಕ್ರಿಪ್ಟ್ ಮತ್ತು ಆಯ್ಕೆಗಳು ಎಲ್ಲವೂ ಬೇಕು. ಜಿಪಿಎಲ್ 2ರಲ್ಲಿ ಸೋರ್ಸನ್ನು ಜೊತೆಯಲ್ಲೇ ಕೊಡಿ, ಇಲ್ಲವೇ ಕನಿಷ್ಠ 3 ವರ್ಷ ಊರ್ಜಿತವಿರುವ ಲಿಖಿತ ಭರವಸೆ ಕೊಡಿ ಎಂದಿದೆ. ನಮಗೆ ಸಿಕ್ಕ ಭರವಸೆಯನ್ನೇ ಮುಂದಕ್ಕೆ ದಾಟಿಸುವ ರಿಯಾಯಿತಿ ವಾಣಿಜ್ಯೇತರ ವಿತರಣೆಗೆ ಮಾತ್ರ. ಮೂಲ ಯೋಜನೆಯ ಜಾಲತಾಣದ ಕೊಂಡಿ ಹಾಕಿ ಕೈತೊಳೆದುಕೊಂಡರೆ, ನಾಳೆ ಆ ಪುಟ ಬದಲಾದಾಗ ಹೊಣೆ ನಿಮ್ಮ ತಲೆಗೇ ಬರುತ್ತದೆ. ಪ್ರತಿ ಬಿಡುಗಡೆಯ ದಿನವೇ ಸೋರ್ಸಿನ ಒಂದು ಜಿಪ್ ಫೈಲ್ ಕಟ್ಟಿ, ಇನ್‌ಸ್ಟಾಲರ್ ಇಟ್ಟ ಅದೇ ಡೌನ್‌ಲೋಡ್ ಪುಟದಲ್ಲಿ ಪಕ್ಕದಲ್ಲೇ ಇಡಿ. ಎಲ್‌ಜಿಪಿಎಲ್ ಬಿಲ್ಡಿಗೂ, ಪೈಸೈಡ್ ಮತ್ತು ಕ್ಯೂಟಿಗೂ ಇದನ್ನೇ ಮಾಡಿ.

ಎಕ್ಸ್264 ಬೇಡವೆಂದರೆ ವಿಪಿ9 ಎಂಬ ಇನ್ನೊಂದು ವಿಡಿಯೊ ರೂಪ ಆರಿಸಬಹುದು, ಅದರ ಲಿಬ್‌ವಿಪಿಎಕ್ಸ್ ಬಿಎಸ್‌ಡಿ. ಎಚ್.264 ಬೇಕೇಬೇಕು ಎಂದರೆ ಸಿಸ್ಕೊದ ಓಪನ್‌ಎಚ್264 ಇದೆ, ಅದೂ ಬಿಎಸ್‌ಡಿ. ಆದರೆ ಲೈಸೆನ್ಸ್ ಬೇರೆ, ಪೇಟೆಂಟ್ ಬೇರೆ. ಸಿಸ್ಕೊ ಪೇಟೆಂಟ್ ಶುಲ್ಕ ಕಟ್ಟುವುದು ತಾನೇ ಬಿಲ್ಡ್ ಮಾಡಿ, ಬಳಕೆದಾರ ನೇರ ತನ್ನಿಂದ ಇಳಿಸಿಕೊಳ್ಳುವ ಬೈನರಿಗೆ ಮಾತ್ರ. ನೀವೇ ಕಂಪೈಲ್ ಮಾಡಿ ಇನ್‌ಸ್ಟಾಲರಿನಲ್ಲಿ ತುಂಬಿದರೆ ಆ ರಕ್ಷಣೆ ಇಲ್ಲ.

ಮೂರರಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಪೈಮ್ಯೂಪಿಡಿಎಫ್. ಅದು ಎಜಿಪಿಎಲ್ 3, ಇಲ್ಲವೇ ಆರ್ಟಿಫೆಕ್ಸ್ ಕಂಪನಿಯ ವಾಣಿಜ್ಯ ಲೈಸೆನ್ಸ್. ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಇದರ ಪರಿಣಾಮ ಜಿಪಿಎಲ್‌ನಂತೆಯೇ. ವೆಬ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಸರ್ವರ್‌ನಲ್ಲಿ ಮಾತ್ರ ಓಡುತ್ತದೆ, ಯಾರಿಗೂ ಪ್ರತಿ ಕೊಡುತ್ತಿಲ್ಲ ಎಂಬ ವಾದ ಜಿಪಿಎಲ್‌ಗೆ ನಡೆಯುತ್ತದೆ, ಎಜಿಪಿಎಲ್‌ಗೆ ನಡೆಯುವುದಿಲ್ಲ. ಅದರ 13ನೇ ಕಲಮಿನ ಪ್ರಕಾರ, ಪ್ರೋಗ್ರಾಂ ಮಾರ್ಪಡಿಸಿದ್ದರೆ ನೆಟ್‌ವರ್ಕ್ ಮೂಲಕ ಅದರೊಡನೆ ವ್ಯವಹರಿಸುವ ಪ್ರತಿ ಬಳಕೆದಾರನಿಗೂ ಸೋರ್ಸ್ ಪಡೆಯುವ ಅವಕಾಶ ಕೊಡಬೇಕು. ನಾವು ಲೈಬ್ರರಿಯ ಒಂದಕ್ಷರವನ್ನೂ ತಿದ್ದಿಲ್ಲ ಎಂದು ನೀವು ಹೇಳಬಹುದು. ಆದರೆ ಲೈಸೆನ್ಸಿನ ವ್ಯಾಖ್ಯೆಯಲ್ಲಿ, ಅದನ್ನು ಆಧರಿಸಿ ಇನ್ನೊಂದು ಕೃತಿ ಕಟ್ಟುವುದೂ ಮಾರ್ಪಾಡೇ. ಈ ಜಗಳಕ್ಕೆ ಒಂದು ಸಣ್ಣ ತಂಡ ಇಳಿಯಬಾರದು.

ಅದೇ ಆರ್ಟಿಫೆಕ್ಸ್, ತನ್ನ ಪಿಡಿಎಫ್ ಸಂಸ್ಕರಣೆಯ ತಂತ್ರಾಂಶ ಘೋಸ್ಟ್‌ಸ್ಕ್ರಿಪ್ಟ್ ಅನ್ನು ಕಚೇರಿ ತಂತ್ರಾಂಶದಲ್ಲಿ ಸೇರಿಸಿ ಮಾರಿದ ಕೊರಿಯಾದ ಹ್ಯಾನ್‌ಕಾಮ್ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತ್ತು. ಲೈಸೆನ್ಸ್ ಮುರಿದದ್ದನ್ನು ಹಕ್ಕುಸ್ವಾಮ್ಯದ ಉಲ್ಲಂಘನೆ ಮಾತ್ರವಲ್ಲ, ಒಪ್ಪಂದದ ಉಲ್ಲಂಘನೆ ಎಂದೂ ವಾದಿಸಲು 2017ರಲ್ಲಿ ನ್ಯಾಯಾಲಯ ಅವಕಾಶ ಕೊಟ್ಟಿತು, ಮುಂದೆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಉಚಿತ ಲೈಸೆನ್ಸನ್ನು ಒಪ್ಪದವನು ವಾಣಿಜ್ಯ ಲೈಸೆನ್ಸಿನ ಹಣವನ್ನಾದರೂ ಕೊಡಬೇಕಿತ್ತಲ್ಲ ಎಂಬ ಲೆಕ್ಕ ಇಂಥ ಕಡೆ ಸುಲಭವಾಗಿ ಹೊರಡುತ್ತದೆ. ಎರಡು ಲೈಸೆನ್ಸಿನ ಘಟಕಗಳಲ್ಲಿ ಅಪಾಯ ಹೆಚ್ಚಿರುವುದು ಇದೇ ಕಾರಣಕ್ಕೆ: ಅವುಗಳ ಒಡೆಯರಿಗೆ ನಿಮ್ಮನ್ನು ಹುಡುಕಲು ವ್ಯಾಪಾರದ ಉದ್ದೇಶವೇ ಇದೆ. ನಿಮ್ಮ ಅಗತ್ಯ ನೋಡಿದರೆ ಬದಲಿ ಸುಲಭ. ಹೊಸ ಪಿಡಿಎಫ್ ಸೃಷ್ಟಿಗೆ ರಿಪೋರ್ಟ್‌ಲ್ಯಾಬ್, ಪುಟ ಜೋಡಿಸಲು ಒಡೆಯಲು ಪೈಪಿಡಿಎಫ್, ಪುಟವನ್ನು ಚಿತ್ರವಾಗಿ ತೋರಿಸಲು ಪೈಪಿಡಿಎಫ್‌ಇಯಂ2. ಮೂರೂ ಉದಾರ ಲೈಸೆನ್ಸಿನವು.

ವೆಬ್ ಆವೃತ್ತಿಯಲ್ಲಿ ಸರ್ವರ್ ಕೋಡ್ ನಿಮ್ಮಲ್ಲೇ ಉಳಿದರೂ, ಬ್ರೌಸರಿಗೆ ಹೋಗುವ ಜಾವಾಸ್ಕ್ರಿಪ್ಟ್ ವಿತರಣೆಯೇ ಆಗುತ್ತದೆ. ಫೈಲುಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ ಬಳಸಿದರೆ, ಅದರ ಟರ್ಸರ್ ಎಂಬ ಸಾಧನ ಕೋಡನ್ನು ಕುಗ್ಗಿಸುವಾಗ ಲೈಸೆನ್ಸ್ ಟಿಪ್ಪಣಿಗಳನ್ನು ಕಿತ್ತು ಪಕ್ಕದಲ್ಲಿ ಒಂದು ಲೈಸೆನ್ಸ್ ಪಠ್ಯ ಫೈಲಿಗೆ ಹಾಕುತ್ತದೆ. ಡಿಪ್ಲಾಯ್ ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟ್ ಫೈಲುಗಳನ್ನಷ್ಟೇ ಸರ್ವರಿಗೆ ಏರಿಸಿದರೆ ಆ ಪಠ್ಯ ಬಿಲ್ಡ್ ಯಂತ್ರದಲ್ಲೇ ಉಳಿದುಬಿಡುತ್ತದೆ, ನೀವು ಎಂಐಟಿಯ ಒಂದೇ ಒಂದು ಷರತ್ತನ್ನು ಮುರಿದಿರುತ್ತೀರಿ. ಮೇಲಾಗಿ, ಮೂಲ ಫೈಲಿನಲ್ಲಿ ವಿಶೇಷ ಗುರುತಿನ ಟಿಪ್ಪಣಿ ಇಲ್ಲದ ಲೈಬ್ರರಿಗಳ ಹೆಸರು ಅಲ್ಲೂ ಬರುವುದಿಲ್ಲ. ಎಲ್ಲ ಲೈಸೆನ್ಸುಗಳನ್ನೂ ಒಟ್ಟುಮಾಡುವ ಪ್ಲಗಿನ್ ಒಂದನ್ನು ಬಿಲ್ಡಿಗೆ ಸೇರಿಸಿ, ಫಲಿತಾಂಶವನ್ನು ಒಂದು ಪುಟದಲ್ಲಿ ತೋರಿಸಿ.

ಆ ದೊಡ್ಡ ಸಂಸ್ಥೆ ತನ್ನ ಸರ್ವರಿನಲ್ಲೇ ಹಾಕಿಕೊಳ್ಳಲು ಡಾಕರ್ ಇಮೇಜ್ (ತಂತ್ರಾಂಶವನ್ನು ಅದು ಓಡಲು ಬೇಕಾದ ವ್ಯವಸ್ಥೆಯ ಸಮೇತ ಕಟ್ಟಿದ ಪೊಟ್ಟಣ) ಕೇಳಿದರೆ ನೀವು ಒಂದಿಡೀ ಲಿನಕ್ಸ್ ಬಳಕೆದಾರ ವ್ಯವಸ್ಥೆಯನ್ನೇ ಹಂಚುತ್ತಿರುವಿರಿ: ಡೆಬಿಯನ್ ಆಧಾರವಾದರೆ ಬ್ಯಾಶ್ ಮತ್ತು ಕೋರ್‌ಯುಟಿಲ್ಸ್ ಜಿಪಿಎಲ್ 3, ಆಲ್ಪೈನ್ ಆಧಾರವಾದರೆ ಬ್ಯುಸಿಬಾಕ್ಸ್ ಜಿಪಿಎಲ್ 2. ನಿಮ್ಮ ಕೋಡಿಗೆ ಇವುಗಳಿಂದ ತೊಂದರೆಯಿಲ್ಲ, ಇವುಗಳ ಸೋರ್ಸ್ ಕೊಡುವ ಹೊಣೆ ಉಂಟು. ಇಮೇಜ್ ಗಾತ್ರ ಇಳಿಸಲೆಂದು ದಾಖಲೆಗಳ ಫೋಲ್ಡರನ್ನು ಪೂರ್ತಿ ಅಳಿಸುವ ಅಭ್ಯಾಸ ಬಿಡಿ, ಡೆಬಿಯನ್ನಿನ ಕಾಪಿರೈಟ್ ಫೈಲುಗಳು ಇರುವುದು ಅಲ್ಲೇ.

ಈಗ ಪಟ್ಟಿ. ಹೊಸದಾಗಿ ಒಂದು ಖಾಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಬಿಡುಗಡೆಗೆ ಬೇಕಾದದ್ದನ್ನಷ್ಟೇ ಇನ್‌ಸ್ಟಾಲ್ ಮಾಡಿ, ಪ್ಯಾಕೇಜುಗಳ ಲೈಸೆನ್ಸ್ ಪಟ್ಟಿ ಮಾಡುವ ಪಿಪ್-ಲೈಸೆನ್ಸಸ್ ಓಡಿಸಿ. ನಿಮ್ಮ ದಿನನಿತ್ಯದ ಯಂತ್ರದಲ್ಲಿ ಓಡಿಸಿದರೆ ಪರೀಕ್ಷೆಯ ಸಲಕರಣೆಗಳೆಲ್ಲ ಸೇರಿ ಪಟ್ಟಿ ಊದಿಕೊಳ್ಳುತ್ತದೆ. ಆದರೆ ಅದು ಓದುವುದು ಪ್ಯಾಕೇಜ್ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಮಾತ್ರ. ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿಯ ಪೈಥಾನ್ ಪ್ಯಾಕೇಜನ್ನೇ ನೋಡಿ: ಹೆಸರಿಗೆ ಅಪಾಚೆ, ಒಳಗೆ ಎಲ್‌ಜಿಪಿಎಲ್‌ನ ಎಫ್‌ಎಫ್‌ಎಂಪೆಗ್ ಕೂತಿರುತ್ತದೆ. ಅದಕ್ಕೇ ಪ್ಯಾಕ್ ಆದ ಕೊನೆಯ ಫೋಲ್ಡರಿನ ಮೇಲೆ, ಫೈಲುಗಳೊಳಗಿನ ಲೈಸೆನ್ಸ್ ಹುಡುಕುವ ಸ್ಕ್ಯಾನ್‌ಕೋಡ್ ಓಡಿಸಿ, ಬೈನರಿ ಫೈಲುಗಳನ್ನು ಒಂದೊಂದಾಗಿ ಕಣ್ಣಾಡಿಸಿ. ಪಟ್ಟಿಯಲ್ಲಿ ಹೆಸರು, ನಿಖರ ಆವೃತ್ತಿ, ಎಸ್‌ಪಿಡಿಎಕ್ಸ್ ಗುರುತು (ಲೈಸೆನ್ಸಿನ ಪ್ರಮಾಣಿತ ಚಿಕ್ಕ ಹೆಸರು), ತಿದ್ದಿದ್ದೀರೋ ಇಲ್ಲವೋ, ಹೇಗೆ ಜೋಡಿಸಿದ್ದೀರಿ ಎಂಬುದು ಇರಲಿ. ಎಸ್‌ಪಿಡಿಎಕ್ಸ್ ಅಥವಾ ಸೈಕ್ಲೋನ್‌ಡಿಎಕ್ಸ್ ರೂಪದಲ್ಲಿ ಕೊಟ್ಟರೆ ಸಂಸ್ಥೆಗಳು ಒಪ್ಪುತ್ತವೆ. ಗಿಟ್‌ಹಬ್‌ನಿಂದ ನಕಲಿಸಿದ ಲೈಸೆನ್ಸಿಲ್ಲದ ತುಣುಕುಗಳನ್ನು ಈ ಹಂತದಲ್ಲಿ ಹುಡುಕಿ ತೆಗೆಯಿರಿ. ಲೈಸೆನ್ಸ್ ಬರೆದಿಲ್ಲ ಎಂದರೆ ಎಲ್ಲ ಹಕ್ಕೂ ಬರೆದವನದೇ. ವಾಣಿಜ್ಯೇತರ ಬಳಕೆಗೆ ಮಾತ್ರ ಎಂಬ ಷರತ್ತಿನ ಐಕಾನ್, ಫಾಂಟ್, ಸಂಗೀತವೂ ಹೋಗಬೇಕು.

ಖರೀದಿ ಕರಾರಿನಲ್ಲಿ ತಂತ್ರಾಂಶದಲ್ಲಿ ಯಾವುದೇ ಓಪನ್ ಸೋರ್ಸ್ ಇಲ್ಲ ಎಂದು ಘೋಷಿಸುವ ವಾಕ್ಯ ಬರಬಹುದು. ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ. ಪೈಥಾನೇ ಓಪನ್ ಸೋರ್ಸ್. ಲಗತ್ತಿಸಿದ ಪಟ್ಟಿಯಲ್ಲಿರುವ ಘಟಕಗಳ ಹೊರತು ಬೇರೆ ಇಲ್ಲ, ಗ್ರಾಹಕನ ಸ್ವಂತ ಕೋಡನ್ನು ಬಹಿರಂಗಪಡಿಸಬೇಕಾದ ರೀತಿಯಲ್ಲಿ ಯಾವುದನ್ನೂ ಜೋಡಿಸಿಲ್ಲ ಎಂದು ತಿದ್ದಿಸಿ. ಹೆಚ್ಚಿನ ಖರೀದಿ ವಿಭಾಗಗಳಿಗೆ ಬೇಕಾಗಿರುವುದೂ ಅಷ್ಟೇ.

ಸ್ವಲ್ಪ ಭಾಗ ತೆರೆದಿಡುವ ವಿಚಾರಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ. ನಿಮ್ಮ ಪಾಠದ ಫೈಲ್ ರೂಪವನ್ನು ಓದುವ ಲೈಬ್ರರಿ ಮತ್ತು ಪ್ಲಗಿನ್ ಬರೆಯುವ ಸಾಧನವನ್ನು ಅಪಾಚೆ 2.0ರಡಿ ಬಿಡಿ. ನೀವು ಅಂಗಡಿ ಮುಚ್ಚಿದರೂ ತಮ್ಮ ಪಾಠಗಳು ಕೈತಪ್ಪುವುದಿಲ್ಲ ಎಂಬ ಧೈರ್ಯ ಶಾಲೆಗಳಿಗೆ ಬರುತ್ತದೆ, ಅದು ಮಾರಾಟಕ್ಕೂ ಒಳ್ಳೆಯದು. ಮುಖ್ಯ ತಂತ್ರಾಂಶವನ್ನು ಇಂದು ತೆರೆದು, ಜನ ಸೇರಿದ ಮೇಲೆ ಮುಚ್ಚುವ ಯೋಚನೆ ಇದ್ದರೆ ಬೇಡ. ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಓಪನ್ ಸೋರ್ಸ್ ಆಗಿದ್ದ ತನ್ನ ಟೆರಾಫಾರ್ಮ್ ಎಂಬ ಸಾಧನವನ್ನು ನಿರ್ಬಂಧಗಳಿರುವ ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ಬದಲಿಸಿದ ಕೆಲವೇ ವಾರಗಳಲ್ಲಿ ಹಳೆಯ ಕೋಡನ್ನು ಬೇರೆಯವರು ಮುಂದುವರಿಸಿದ ಕವಲು ಓಪನ್‌ಟೋಫು ಲಿನಕ್ಸ್ ಫೌಂಡೇಶನ್ ಸೇರಿತು. 2024ರ ಮಾರ್ಚ್‌ನಲ್ಲಿ ಡೇಟಾಬೇಸ್ ತಂತ್ರಾಂಶ ರೆಡಿಸ್ ಲೈಸೆನ್ಸ್ ಬದಲಿಸಿದಾಗ ಅದರ ಕವಲಾಗಿ ವಾಲ್ಕೀ ಹುಟ್ಟಿತು; ಮರುವರ್ಷ ರೆಡಿಸ್ ಎಜಿಪಿಎಲ್ ಆಯ್ಕೆಯನ್ನು ಸೇರಿಸಬೇಕಾಯಿತು. ಒಮ್ಮೆ ಕೊಟ್ಟ ಆವೃತ್ತಿಯ ಲೈಸೆನ್ಸನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ, ಜನ ಅಲ್ಲಿಂದಲೇ ಮುಂದುವರಿಸುತ್ತಾರೆ. ಕ್ಯೂಟಿಯಂತೆ ಎರಡು ಲೈಸೆನ್ಸಿನಲ್ಲಿ ಮಾರಬೇಕೆಂದರೆ ಪ್ರತಿ ಸಾಲಿನ ಹಕ್ಕೂ ನಿಮ್ಮಲ್ಲಿರಬೇಕು, ಅಥವಾ ಹೊರಗಿನವರ ಮೊದಲ ಪ್ಯಾಚ್ ಸ್ವೀಕರಿಸುವ ಮುಂಚೆಯೇ ಕೊಡುಗೆದಾರರ ಒಪ್ಪಂದ ಸಿದ್ಧವಿರಬೇಕು. ಹತ್ತು ಜನರ ಕೋಡ್ ಸೇರಿದ ಮೇಲೆ ಅವರ ಸಹಿ ಹುಡುಕಿಕೊಂಡು ಹೋಗುವುದು ಬಹಳ ಸಲ ಸಾಧ್ಯವಾಗುವುದಿಲ್ಲ.

ಉಳಿದದ್ದು, ಈಗಾಗಲೇ ಶಾಲೆಗಳ ಕೈಯಲ್ಲಿರುವ ಪ್ರತಿಗಳು. ಅವುಗಳಲ್ಲಿ ಉಲ್ಲಂಘನೆ ಆಗಿಹೋಗಿದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದರಿಂದ ನಿಮ್ಮ ಕೋಡ್ ತಂತಾನೇ ಜಿಪಿಎಲ್ ಆಗುವುದೂ ಇಲ್ಲ. ಹಕ್ಕುದಾರರು ಕೇಳಬಹುದಾದದ್ದು ವಿತರಣೆ ನಿಲ್ಲಿಸುವುದನ್ನು ಮತ್ತು ಪರಿಹಾರವನ್ನು. ಹಳೆಯ ಇನ್‌ಸ್ಟಾಲರನ್ನು ಇವತ್ತೇ ಡೌನ್‌ಲೋಡ್ ಪುಟದಿಂದ ತೆಗೆಯಿರಿ, ಹಳೆಯ ಅಪ್‌ಡೇಟ್ ಸರ್ವರ್ ಅದನ್ನು ಹಂಚುತ್ತಲೇ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಪೈಕ್ಯೂಟಿ, ಪೈಮ್ಯೂಪಿಡಿಎಫ್ ಎರಡೂ ಆವೃತ್ತಿ 3ರ ಲೈಸೆನ್ಸಿನವು, ಅದು ನಿಮಗೆ ಅನುಕೂಲ. ಉಲ್ಲಂಘನೆ ನಿಲ್ಲಿಸಿದ 60 ದಿನಗಳೊಳಗೆ ಹಕ್ಕುದಾರರಿಂದ ನೋಟಿಸ್ ಬರದಿದ್ದರೆ ಕಳೆದುಕೊಂಡ ಹಕ್ಕು ಶಾಶ್ವತವಾಗಿ ಮರಳುತ್ತದೆ. ಆ ಹಕ್ಕುದಾರರಿಂದ ಮೊದಲ ಸಲ ನೋಟಿಸ್ ಬಂದರೂ 30 ದಿನಗಳೊಳಗೆ ಸರಿಪಡಿಸಿದರೆ ಉಳಿಯುತ್ತದೆ. ಜಿಪಿಎಲ್ 2ರಲ್ಲಿ ಈ ಅವಧಿಯೇ ಇಲ್ಲ, ಮುರಿದ ಕೂಡಲೇ ಹಕ್ಕು ಹೋಗುತ್ತದೆ. ಆದ್ದರಿಂದ ಎಫ್‌ಎಫ್‌ಎಂಪೆಗ್ ಮತ್ತು ಎಕ್ಸ್264ರ ಸೋರ್ಸ್ ಜಿಪ್ ಅನ್ನು ಎಲ್ಲಕ್ಕಿಂತ ಮೊದಲು ಮೇಲೇರಿಸಿ. ಹಳೆಯ ಪ್ರತಿ ಪಡೆದ ಪ್ರತಿ ಶಾಲೆಗೂ ಆ ಕೊಂಡಿ ಕಳಿಸಿ. ಪೈಸೈಡ್‌ಗೆ ಬದಲಿಸಿದ ಹೊಸ ಆವೃತ್ತಿ ಸಿದ್ಧವಾದ ದಿನ ಅದನ್ನು ಶುಲ್ಕವಿಲ್ಲದೆ ಕೊಟ್ಟು, ಹಳೆಯದನ್ನು ಅಳಿಸಲು ಕೇಳಿ. ಯಾವ ದಿನ ಏನು ಮಾಡಿದಿರಿ ಎಂಬುದರ ಟಿಪ್ಪಣಿ ಇಟ್ಟುಕೊಳ್ಳಿ. ಅಷ್ಟರೊಳಗೆ ಹಕ್ಕುದಾರರಿಂದ ಪತ್ರ ಬಂದರೆ, ಉತ್ತರಿಸುವ ಮುಂಚೆ ಆ ಟಿಪ್ಪಣಿಯ ಸಮೇತ ತಂತ್ರಾಂಶ ಲೈಸೆನ್ಸ್ ಬಲ್ಲ ವಕೀಲರನ್ನು ಕಾಣಿ.